ಮರುಳಸಿದ್ದಪ್ಪನವರು ಕೂರಿಸಿದ ದನಿ

ಮರುಳಸಿದ್ದಪ್ಪನವರ ಗಂಟಲನ್ನು ಬನಶಂಕರಿ ಬಸ್ ನಿಲ್ದಾಣದ ಹೂವಿನವರು ಇಂದಿಗೂ ನೆನೆಯುತ್ತಾರೆ. ನಗರ ಸಾರಿಗೆಯಲ್ಲಿ ಅವರು ಕಂಡಕ್ಟರಾಗಿದ್ದರು. ಹಿಂಬಾಗಿಲಲ್ಲಿ ನಿಂತು "ಜೈನಗರ, ಜೈನಗರ, ಫೋರ್ತ್ ಬ್ಲಾಕ್" ಎಂದು ಕೂಗಿದರೆ, ರಸ್ತೆಯ ಆಚೆ ಬದಿಯಲ್ಲಿ ತೆಂಗಿನಕಾಯಿ ಕುಟ್ಟಿ ನೋಡುತ್ತಿದ್ದವರೂ ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರು. ಮಳೆ ಬರಲಿ, ಗಣೇಶನ ಮೆರವಣಿಗೆಯ ತಮಟೆ ಬರಲಿ, ಅವರ ಕೂಗು ಅದರ ಮೇಲೆ ತೇಲುತ್ತಿತ್ತು.

ನಿವೃತ್ತಿಗೆ ಕೆಲವು ವರ್ಷ ಮುಂಚೆ ಅವರ ಬಸ್ಸಿಗೆ ಒಂದು ಯಂತ್ರದ ದನಿ ಬಂತು. "ಮುಂದಿನ ನಿಲ್ದಾಣ" ಎಂದು ಶುರುವಾಗುವ, ಏರಿಳಿತವಿಲ್ಲದ ಹೆಣ್ಣು ದನಿ. ಮರುಳಸಿದ್ದಪ್ಪನವರು ಅದರ ಜೊತೆ ಪೈಪೋಟಿಗೆ ಬಿದ್ದರು. ಅದು ಬಾಯಿ ಬಿಡುವ ಮೊದಲೇ ಇವರು ನಿಲ್ದಾಣದ ಹೆಸರು ಕೂಗಿ ಮುಗಿಸುತ್ತಿದ್ದರು.

"ಸಿದ್ದಪ್ಪಣ್ಣ, ಅದಕ್ಕೆ ಸಂಬಳ ಇಲ್ಲ, ಹೊಟ್ಟೇನೂ ಇಲ್ಲ. ಅದರ ಜೊತೆ ಯಾಕಣ್ಣ ನಿಮ್ಗೆ ಜಗಳ?" ಎಂದು ಡ್ರೈವರ್ ರವಿಕಿರಣ್ ನಗುತ್ತಿದ್ದ.

"ಗಂಟಲು ನಂದಿದ್ಯಲ್ಲಯ್ಯ, ಸುಮ್ನೆ ಯಾಕೆ ತುಕ್ಕು ಹಿಡಿಸ್ಲಿ?"

ಅಂಥ ಮನುಷ್ಯ, ಅಂಥದೇ ಒಂದು ದನಿಯನ್ನು ತಾನಾಗಿ ಹುಡುಕಿಕೊಂಡು ಹೋಗಿ ಮನೆಗೆ ತಂದು ಕೂರಿಸಿದ. ಅದು ಹೆಂಡತಿ ಜಯದೇವಿಗಾಗಿ.

ಜಯದೇವಿ ಸೀರೆಗೆ ಕುಚ್ಚು ಹಾಕುತ್ತಾರೆ. ಉತ್ತರಹಳ್ಳಿಯ ಹಳೇ ಊರಿನ ಕಡೆ, ಅಕ್ಕಯಮ್ಮ ಎಂಬುವರ ಮನೆಯ ಮೊದಲ ಮಹಡಿಯಲ್ಲಿ ಅವರ ಬಾಡಿಗೆಯ ವಾಸ. ಗೇಟಿಗೆ ತಂತಿಯಲ್ಲಿ ಕಟ್ಟಿದ ಒಂದು ಸಣ್ಣ ಬೋರ್ಡು, ಒಳಗೆ ಕಿಟಕಿ ಪಕ್ಕ ಒಂದು ಮೇಜು, ಮೇಜಿನ ಅಂಚಿಗೆ ಒರಗಿಸಿದ ಗಟ್ಟಿ ದಿಂಬು. ಸೆರಗಿನ ತುದಿಯ ಎಳೆಗಳನ್ನು ಬಿಡಿಸಿ, ಬಾಚಿ, ಸಮನಾಗಿ ಹಂಚಿ, ಬಣ್ಣದ ರೇಷ್ಮೆದಾರ ಸೇರಿಸಿ ಗಂಟು ಹಾಕುತ್ತಾ ಹೋದರೆ ಸಂಜೆಯ ಹೊತ್ತಿಗೆ ಸೆರಗಿನ ಉದ್ದಕ್ಕೂ ಮಲ್ಲಿಗೆ ಮೊಗ್ಗಿನ ಸಾಲು ನಿಂತ ಹಾಗೆ ಕಾಣುತ್ತದೆ. ಅವರು ಕುಚ್ಚು ಹಾಕಿದ ಸೀರೆಯುಟ್ಟು ಜೆಪಿ ನಗರದ ಛತ್ರಗಳಲ್ಲಿ ಎಷ್ಟೋ ಹುಡುಗಿಯರು ಧಾರೆಗೆ ನಿಂತಿದ್ದಾರೆ. ಆದರೆ ಸೀರೆ ಕೊಡಲು ಬರುವವರಿಗೆಲ್ಲ ಅವರು ಬರೀ "ಕುಚ್ಚಿನ ಆಂಟಿ". ಹೆಸರು ಕೇಳಿದವರು ಕಡಿಮೆ.

ಹೆಸರು ಬಂದದ್ದು ಲೈವ್‌ನಿಂದ. ಮಗಳು ಲಿಖಿತಾ ಒಂದು ಶನಿವಾರ ಮಧ್ಯಾಹ್ನ ತಾಯಿಯ ಕೈಗಳ ಎದುರು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, "ಅಮ್ಮ, ನೀನು ಹೆಂಗೆ ಹಾಕ್ತೀಯೋ ಹಂಗೇ ಹಾಕು, ಬಾಯಲ್ಲಿ ಹೇಳ್ತಾ ಹೋಗು" ಎಂದಳು. ಅದು ವಾರವಾರದ ಪಾಠವಾಯಿತು. ನೋಡುವವರು ತಮ್ಮ ತಮ್ಮ ಮನೆಯಲ್ಲಿ ಸೆರಗು ಹರಡಿಕೊಂಡು ಕೂತು, ಸಿಕ್ಕು ಬಿದ್ದಲ್ಲಿ ಪ್ರಶ್ನೆ ಬರೆಯುತ್ತಿದ್ದರು. "ಜಯಕ್ಕ" ಎಂದು ಕರೆಯುತ್ತಿದ್ದರು. ಶಿರಸಿ, ಗಂಗಾವತಿ, ಕೊಳ್ಳೇಗಾಲ, ಕುವೈತ್. ತಾವು ಒಮ್ಮೆಯೂ ಟಿಕೆಟ್ ಹರಿಯದ ಊರುಗಳಿಂದ ಜನ ಬಂದು ತಮ್ಮ ಮನೆಯ ಮೇಜಿನ ಸುತ್ತ ಕೂರುತ್ತಿರುವುದನ್ನು ಮರುಳಸಿದ್ದಪ್ಪನವರು ಒಳಕೋಣೆಯ ಪರದೆ ಸರಿಸಿ ನೋಡುತ್ತಿದ್ದರು. ಆಮೇಲೆ ಕೆಳಗೆ ಹೋಗಿ ಅಕ್ಕಯಮ್ಮನ ಮುಂದೆ, ಏನೋ ಸಾಮಾನ್ಯ ವಿಷಯ ಎನ್ನುವಂತೆ, "ಇವತ್ತು ಕುವೈತಿಂದ ಒಬ್ರು ಬಂದಿದ್ರು" ಎನ್ನುತ್ತಿದ್ದರು.

ಪ್ರಶ್ನೆಗಳನ್ನು ಓದಿ ಹೇಳುತ್ತಿದ್ದವಳು ಲಿಖಿತಾ. ಜಯದೇವಿಗೆ ಓದಲು ಬರುವುದಿಲ್ಲವೆಂದಲ್ಲ. ಎಳೆ ಕಾಣಬೇಕಾದರೆ ಹತ್ತಿರದ ಕನ್ನಡಕ ಬೇಕು. ಅದನ್ನು ಹಾಕಿಕೊಂಡು ಫೋನಿನ ಕಡೆ ತಲೆಯೆತ್ತಿದರೆ ಅಕ್ಷರಗಳೆಲ್ಲ ನೀರಿನಲ್ಲಿ ಬಿದ್ದ ಸಾಸಿವೆ. ಕನ್ನಡಕ ತೆಗೆದು ಓದಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ಕಟ್ಟಿದ ಗಂಟು ಸಡಿಲಾಗುತ್ತದೆ. ಮಗಳು ಪಕ್ಕದ ಸ್ಟೂಲಿನಲ್ಲಿ ಕೂತು, ತಾಯಿಯ ಬೆರಳು ನಿಲ್ಲುವ ಹೊತ್ತು ನೋಡಿಕೊಂಡು, ಒಂದೊಂದೇ ಪ್ರಶ್ನೆ ಓದುತ್ತಿದ್ದಳು.

ಈ ಬೇಸಿಗೆಯಲ್ಲಿ ಲಿಖಿತಾಳ ಮದುವೆಯಾಗಿ ಅವಳು ಶಿವಮೊಗ್ಗಕ್ಕೆ ಹೋದಳು. ಸ್ಟೂಲು ಖಾಲಿಯಾಯಿತು.

ಮದುವೆಯ ಓಡಾಟದಲ್ಲಿ ನಿಂತಿದ್ದ ಪಾಠವನ್ನು ಆಷಾಢದಲ್ಲಿ ಮತ್ತೆ ಹಚ್ಚಿದಾಗ, ಮೊದಲೆರಡು ಶನಿವಾರ ಜಯದೇವಿ ಒಬ್ಬರೇ ಒದ್ದಾಡಿದರು. ಕನ್ನಡಕ ಹಣೆಗೇರಿತು, ಮೂಗಿಗಿಳಿಯಿತು. ಉತ್ತರ ಸಿಗದವರು ಒಬ್ಬೊಬ್ಬರಾಗಿ ಎದ್ದು ಹೋದರು. ಮೂರನೆಯ ಶನಿವಾರ ಫೋನು ಆರಿಸಿ, ದಾರದ ತುಣುಕುಗಳನ್ನು ಅಂಗೈಯಲ್ಲಿ ಒಟ್ಟುಮಾಡುತ್ತಾ ಅವರು ಹೇಳಿದರು, "ರೀ, ಗೌರಿ ಹಬ್ಬದ ಮುಂಚಿನ ಶನಿವಾರ ಒಂದು ಮಾಡ್ಬಿಡ್ತೀನಿ. ಹಬ್ಬದ ಸೀರೆ ಕಾಯ್ಕೊಂಡಿದ್ದಾರೆ. ಅದೇ ಕೊನೇದು. ಆಮೇಲೆ ನಿಲ್ಲಿಸ್ಬಿಡೋಣ."

"ಯಾಕೆ ನಿಲ್ಸೋದು? ನಾನಿಲ್ವಾ? ನಾನು ಓದ್ತೀನಿ."

ಮುಂದಿನ ಶನಿವಾರ ಮರುಳಸಿದ್ದಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆ ಸ್ಟೂಲಿನ ಮೇಲೆ ಕೂತರು.

"ಅಲಮೇಲು, ಹೊಸೂರು! ಅಲಮೇಲು ಹೊಸೂರಿಂದ ಕೇಳ್ತಾ ಇದ್ದಾರೆ, ಒಂದು ಕುಚ್ಚಿಗೆ ಎಷ್ಟು ಎಳೆ ತಗೋಬೇಕು ಅಂತ!"

ಮೇಜಿನ ಮೇಲಿನ ಮಣಿಗಳ ಡಬ್ಬಿ ಅದುರಿತು. ಜಯದೇವಿ ಉತ್ತರ ಹೇಳಿದರು.

"ಬೈರಮ್ಮ, ಮಾಗಡಿ! ಎಷ್ಟು ಎಳೆ... ಈಗ್ ತಾನೆ ಹೇಳಾಯ್ತಲ್ಲಮ್ಮ."

ಜಯದೇವಿ ಮತ್ತೆ ಹೇಳಿದರು. ಅಷ್ಟರಲ್ಲಿ ಇನ್ನೊಬ್ಬರು ಅದನ್ನೇ ಬರೆದರು.

"ಯಾರ್ರೀ ಅದು ಮತ್ತೆ ಎಳೆ ಕೇಳ್ತಿರೋದು? ಒಂದ್ಸಲ ಹೇಳಿದ್ದು ಕೇಳಿಸ್ಲಿಲ್ವಾ? ಮುಂದೆ ಹೋಗ್ರಿ, ಮುಂದೆ ಜಾಗ ಇದೆ!"

ಕೊನೆಯ ಮಾತು ರೂಢಿಯಿಂದ ಜಾರಿ ಬಂದದ್ದು. ಫೋನಿನ ಪರದೆಯ ಮೇಲೆ ಯಾರೋ "ಅಂಕಲ್, ಹೋಲ್ಡಾನ್ ಕೊಡಿ, ಇಳ್ಕೋತೀವಿ" ಎಂದು ಬರೆದರು. ಅದನ್ನೂ ಅವರು ಅದೇ ಭರದಲ್ಲಿ ಗಟ್ಟಿಯಾಗಿ ಓದಿಬಿಟ್ಟರು. ಓದಿದ ಮೇಲೆ ಅರ್ಥವಾಯಿತು.

ಪಾಠ ಮುಗಿದ ಮೇಲೆ ಜಯದೇವಿ ಬೈಯಲಿಲ್ಲ. "ಕಲಿಯೋರು ನೂರು ಸಲ ಕೇಳ್ತಾರೆ ರೀ. ಲಿಖಿತಾ ನೂರು ಸಲಾನೂ ಓದ್ತಿದ್ಲು" ಎಂದರು, ಅಷ್ಟೆ.

"ನಂಗೆ ನೂರು ಸಲ ಓದಕ್ಕೆ ಬರಲ್ಲ ಕಣೆ."

"ಗೊತ್ತು. ಅದಕ್ಕೇ ಹೇಳಿದ್ದು, ಬಿಟ್ಬಿಡೋಣ ಅಂತ."

ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಅವರು ಎದುರಾಡುತ್ತಿದ್ದರೇನೋ. ಸಿಟ್ಟಿರಲಿಲ್ಲ. ಬಹಳ ವರ್ಷ ಒಬ್ಬರೇ ಕೂತು ಗಂಟು ಹಾಕಿದವರು, ಮತ್ತೆ ಒಬ್ಬರೇ ಕೂರಲು ಸಿದ್ಧರಾಗುವ ಸಮಾಧಾನ ಅದು. ಮರುಳಸಿದ್ದಪ್ಪನವರು ಆ ವಾರವೆಲ್ಲ ಅದನ್ನು ಹೊತ್ತುಕೊಂಡು ತಿರುಗಿದರು. ಒಂದು ಬೆಳಿಗ್ಗೆ ಕತ್ರಿಗುಪ್ಪೆಯಿಂದ ತರಕಾರಿ ತರಲು ಬಸ್ಸು ಹತ್ತಿದಾಗ ತಲೆಯ ಮೇಲಿನ ದನಿ "ಮುಂದಿನ ನಿಲ್ದಾಣ" ಎಂದಿತು. ಅವರು ಅಭ್ಯಾಸದಂತೆ ಬಾಯಿ ತೆರೆದು, ಹಾಗೆಯೇ ನಿಲ್ಲಿಸಿ, ಕೇಳುತ್ತಾ ನಿಂತರು. ಅದು ಬೆಳಗಿನಿಂದ ಅದೇ ಹೆಸರುಗಳನ್ನು ಎಷ್ಟು ಸಲ ಹೇಳಿತ್ತೋ. ಈ ಸಲವೂ ಮೊದಲ ಸಲದಂತೆಯೇ ಹೇಳಿತು. ಅದಕ್ಕೆ ಬೇಸರವೆಂಬುದು ಗೊತ್ತಿರಲಿಲ್ಲ.

ಬಸ್ಸಿನಿಂದಲೇ ಮಗಳಿಗೆ ಫೋನು ಮಾಡಿ, ಲೈವ್‌ನ ಪ್ರಶ್ನೆ ಓದಲು ಇಂಥದೊಂದು ದನಿ ಸಿಗುತ್ತದೆಯೇ ಎಂದು ಕೇಳಿದರು.

"ಇದೆ ಅಪ್ಪಾಜಿ" ಎಂದಳು ಲಿಖಿತಾ. "ಗೇಮ್ ಆಡೋ ಹುಡುಗ್ರು ಲೈವಲ್ಲಿ ಹಾಕ್ಕೋತಾರೆ. ಅವ್ರ ಕೈಗೂ ಬಿಡುವಿರಲ್ವಲ್ಲ. ಜನ ಬರ್ದಿದ್ದನ್ನ ಅದೇ ಓದಿ ಹೇಳುತ್ತೆ. ಬಾಟ್ ಅಂತಾರೆ. ನಾನು ದೀಪಾವಳಿಗೆ ಬಂದಾಗ ಹಾಕ್ಕೊಡ್ತೀನಿ."

"ದೀಪಾವಳಿ ಹೊತ್ಗೆ ನಿಮ್ಮಮ್ಮ ಬಾಗಿಲು ಹಾಕಿರ್ತಾಳೆ. ನಾನೇ ಹಾಕ್ತೀನಿ."

"ನೀವಾ?"

"ಟಿಕೆಟ್ ಮಷೀನ್ ಬಂದಾಗ್ಲೂ ನೀನು ಹಿಂಗೇ ನೀವಾ ಅಂದಿದ್ದೆ."

ಮಗಳು ಬಿಟ್ಟು ಹೋದ ಹಳೆಯ ಲ್ಯಾಪ್‌ಟಾಪನ್ನು ಒಳಕೋಣೆಯಲ್ಲಿ ಇಟ್ಟುಕೊಂಡು ಅವರು ಕೆಲಸಕ್ಕೆ ಇಳಿದರು. ಹೇಳಿಕೊಡುವ ವೀಡಿಯೊಗಳಲ್ಲಿ ಹೆಚ್ಚಿನವು ಹಿಂದಿಯವು, ಇಂಗ್ಲಿಷಿನವು. ಕಿವಿಗೆ ದೊಡ್ಡ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗರು ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಕಡೆ ಒತ್ತಿ "ಆಯ್ತು" ಎಂದುಬಿಡುತ್ತಿದ್ದರು. ಮರುಳಸಿದ್ದಪ್ಪನವರು ಪ್ರತಿ ಒತ್ತಿಗೂ ವೀಡಿಯೊ ನಿಲ್ಲಿಸಿದರು. ಅವರಿಗೆ ಇದೆಲ್ಲ ಒಂದು ಬಸ್ ರೂಟಿನ ಹಾಗೆ ಕಂಡಿತು. ನೋಡುವವರು ಬರೆದ ಮಾತು ಚಾನೆಲ್ಲಿನಲ್ಲಿ ಹತ್ತಬೇಕು. ಅಲ್ಲಿಂದ ಲ್ಯಾಪ್‌ಟಾಪಿಗೆ ಬರಬೇಕು. ಲ್ಯಾಪ್‌ಟಾಪಿನಲ್ಲಿ ಅದು ಅಕ್ಷರ ಇಳಿದು ದನಿಗೆ ಹತ್ತಬೇಕು. ದನಿ ಸ್ಪೀಕರಿಗೆ ಬಂದು ಜಯದೇವಿಯ ಕಿವಿಯಲ್ಲಿ ಇಳಿಯಬೇಕು. ಎಲ್ಲಿ ಮಾತು ಇಳಿಯದೆ ಉಳಿಯಿತೋ ಅದರ ಹಿಂದಿನ ಸ್ಟಾಪಿನಲ್ಲಿ ಏನೋ ಎಡವಟ್ಟಾಗಿದೆ ಎಂದು ಅರ್ಥ.

ಬಾಟು ಚಾನೆಲ್ಲಿನ ಒಳಗೆ ಬರಲು ಅನುಮತಿ ಕೇಳಿತು. ಪಾಸು ಎಂದುಕೊಂಡು ಕೊಟ್ಟರು. ಅದಕ್ಕೆ ತನ್ನದೇ ಒಂದು ಖಾತೆ ಬೇಕಿತ್ತು, ತಮ್ಮದನ್ನೇ ಕೊಟ್ಟರು. ಯಾವ ಭಾಷೆ ಎಂದು ಕೇಳಿತು. ಉದ್ದನೆಯ ಸಾಲಿನಲ್ಲಿ ಬೆರಳಿಟ್ಟು ಹುಡುಕಿದಾಗ ಕನ್ನಡ ಸಿಕ್ಕಿತು; ಸಿಕ್ಕಿದ ಖುಷಿಗೆ ಎದ್ದು ಹೋಗಿ ನೀರು ಕುಡಿದು ಬಂದರು. ಕನ್ನಡದಲ್ಲಿ ಗಂಡು ದನಿ ಒಂದಿತ್ತು, ಹೆಣ್ಣು ದನಿ ಒಂದಿತ್ತು. ಹೆಣ್ಣು ದನಿಯನ್ನು ಒತ್ತಿ ಕೇಳಿದರು. ತಮ್ಮ ಬಸ್ಸಿನವಳ ತಂಗಿಯೇ ಇರಬೇಕು ಎನಿಸಿತು. ಅದನ್ನೇ ಇಟ್ಟುಕೊಂಡರು.

ಎಲ್ಲ ಮುಗಿಯಿತು ಎಂದಾಗ ಅದು ಮಾತಾಡಲಿಲ್ಲ. ಒಂದು ದಿನವೆಲ್ಲ ಒಂದೊಂದೇ ಸ್ಟಾಪು ಹಿಂದಕ್ಕೆ ನಡೆದು ನೋಡಿದರು. ಕೊನೆಗೆ ಸ್ಪೀಕರಿನ ತಂತಿಯೇ ಪೂರ್ತಿ ಒಳಗೆ ಹೋಗಿರಲಿಲ್ಲ. ಅದನ್ನು ಒತ್ತಿ, ಪರೀಕ್ಷೆಗೆಂದು ಯಾರಿಗೂ ಕಾಣದ ಹಾಗೆ ಒಂದು ಲೈವ್ ಹಚ್ಚಿ, ತಮ್ಮ ಫೋನಿನಿಂದ ಬಾಯಿಗೆ ಬಂದದ್ದನ್ನು ಬರೆದು ಕಳಿಸಿದರು.

ಜಯದೇವಿ ಅಡುಗೆಮನೆಯಲ್ಲಿ ಹೆಸರುಕಾಳು ಆರಿಸುತ್ತಿದ್ದರು. ಒಳಕೋಣೆಯಿಂದ ಯಾರೋ ಹೆಂಗಸು ಸ್ಪಷ್ಟವಾಗಿ ಹೇಳಿದಳು: "ಮರುಳಸಿದ್ದಪ್ಪ ಹೇಳುತ್ತಾರೆ. ಜಯಾ, ಕಾಫಿ ಕೊಡು."

ಮೊರ ಕೈಯಲ್ಲೇ ಉಳಿಯಿತು. ಜಯದೇವಿ ಪರದೆ ಸರಿಸುವ ಮೊದಲೇ ಮೆಟ್ಟಿಲಲ್ಲಿ ಸದ್ದಾಗಿ ಅಕ್ಕಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂದಿದ್ದರು. ಈ ಊರು ಹೊಲವಾಗಿದ್ದಾಗಿನಿಂದ ಇಲ್ಲಿರುವವರು. ಬಾಡಿಗೆಯವರ ಮನೆಗೆ ಯಾರು ಬಂದರು, ಯಾರು ಹೋದರು ಎಂಬುದು ಅವರಿಗೆ ಗೊತ್ತಿರಲೇಬೇಕು.

"ಯಾರವ್ವಾ ಅದು, ನಿನ್ ಗಂಡನ್ ಎಸ್ರಿಡ್ದು ಕರೆಯೋಳು? ಅದೂ ಕಾಪಿ ಬ್ಯಾರೆ ಕೇಳ್ತಾವ್ಳೆ!"

"ಯಾರೂ ಇಲ್ಲ ಅಕ್ಕಯಮ್ಮ, ಇದು ಕಂಪ್ಯೂಟ್ರು" ಎಂದರು ಮರುಳಸಿದ್ದಪ್ಪನವರು. ಮುಖದಲ್ಲಿ ನಗು ತಡೆಯಲು ಆಗುತ್ತಿರಲಿಲ್ಲ.

"ಕಂಪ್ಯೂಟ್ರು ಕಾಪಿ ಕುಡೀತದಾ?"

ಮೂವರಿಗೂ ಕಾಫಿಯಾಯಿತು. ಕುಡಿಯುತ್ತಾ ಜಯದೇವಿ ಆ ಸಣ್ಣ ಸ್ಪೀಕರನ್ನು ಕಣ್ಣಂಚಿನಲ್ಲಿ ನೋಡುತ್ತಲೇ ಇದ್ದರು. "ಅದು ಬಿಡ್ರಿ, ಹಂಗೆ ಬರೀ ಹೆಸ್ರು ಹೇಳುತ್ತಲ್ಲ. ಅವರು ಇವರು ಅಂತ ಏನೂ ಇಲ್ದೆ" ಎಂದರು ಕೊನೆಗೆ.

ಶನಿವಾರ ಬಂತು. ಅದರ ಹಿಂದಿನ ದಿನ ಮರುಳಸಿದ್ದಪ್ಪನವರ ಕಣ್ಣಿಗೆ ಇನ್ನೊಂದು ಸೌಕರ್ಯ ಬಿದ್ದಿತ್ತು. ಹೊಸಬರು ಮೊದಲ ಸಲ ಏನಾದರೂ ಬರೆದ ಕೂಡಲೇ ಬಾಟು ತಾನಾಗಿ ಅವರನ್ನು ಸ್ವಾಗತಿಸಬಹುದು. ಸ್ವಾಗತದ ಮಾತನ್ನು ನಾವು ಬರೆದಿಟ್ಟರಾಯಿತು. ಅವರಿಗೆ ಇದು ಬಹಳ ಹಿಡಿಸಿತು. ಮನೆಗೆ ಬಂದವರನ್ನು ಮಾತಾಡಿಸದೆ ಕೂರಿಸುವುದು ಹೇಗೆ? ಯೋಚಿಸಲು ಏನೂ ಇರಲಿಲ್ಲ. ತಮ್ಮ ತಾಯಿ ಬಾಗಿಲಿಗೆ ಬಂದ ಯಾರನ್ನಾದರೂ ಏನು ಕೇಳುತ್ತಿದ್ದರೋ ಅದನ್ನೇ ಬರೆದರು: "ಬನ್ನಿ ಬನ್ನಿ, ಊಟ ಆಯ್ತಾ?"

ಪಾಠ ಶುರುವಾಗಿ ಅಲಮೇಲು ಒಂದು ಪ್ರಶ್ನೆ ಬರೆದರು. ದನಿ ಅದನ್ನು ಚೆನ್ನಾಗಿ ಓದಿತು. ಜಯದೇವಿ ತಲೆಯೆತ್ತದೆ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅದೇ ದನಿ, "ಮರುಳಸಿದ್ದಪ್ಪ ಹೇಳುತ್ತಾರೆ. ಬನ್ನಿ ಬನ್ನಿ, ಊಟ ಆಯ್ತಾ?" ಎಂದಿತು. ಬಾಟಿಗೆ ಹಳಬರೂ ಹೊಸಬರೇ. ಅದಕ್ಕೆ ಕೊಟ್ಟದ್ದು ಮರುಳಸಿದ್ದಪ್ಪನವರ ಖಾತೆಯಲ್ಲವೇ, ಅದು ಬರೆದದ್ದೆಲ್ಲ ಅವರ ಹೆಸರಿನಲ್ಲಿ ಬರುತ್ತಿತ್ತು. ಬಂದದ್ದನ್ನು ತಾನೇ ಓದುತ್ತಿತ್ತು.

ಊಟ ಆಯ್ತಾ ಎಂದು ಕೇಳಿದ ಮೇಲೆ ಉತ್ತರ ಕೊಡದಿರುವ ಜನ ಯಾರಿದ್ದಾರೆ?

"ಅಲಮೇಲು ಹೇಳುತ್ತಾರೆ. ಆಯ್ತು ಅಣ್ಣ. ನಿಮ್ಮದಾಯ್ತಾ?"

"ಬೈರಮ್ಮ ಹೇಳುತ್ತಾರೆ. ಈಗ ಆಯ್ತು. ಮುದ್ದೆ, ಬಸ್ಸಾರು."

"ಮರುಳಸಿದ್ದಪ್ಪ ಹೇಳುತ್ತಾರೆ. ಬನ್ನಿ ಬನ್ನಿ, ಊಟ ಆಯ್ತಾ?"

"ಬಿಂದುಶ್ರೀ ಹೇಳುತ್ತಾರೆ. ಬೈರಮ್ಮ, ಬಸ್ಸಾರಿಗೆ ಯಾವ ಸೊಪ್ಪು?"

ಗೊತ್ತಿರುವವರು ಸೊಪ್ಪಿನ ಹೆಸರು ಬರೆದರು. ಇನ್ನೊಬ್ಬರು ಇವತ್ತು ತಮಗೆ ಶನಿವಾರದ ಉಪವಾಸ ಎಂದರು. ಪಾಪ ಉಪವಾಸದವರ ಮುಂದೆ ಊಟದ ಮಾತು ಬೇಡ ಎಂದು ಮತ್ತೊಬ್ಬರು. ಬಂದ ಮಾತಿಗೆ ಮಾತು ಕೊಡದೆ ಸುಮ್ಮನಿರುವುದು ಜಯದೇವಿಯ ಕೈಯಲ್ಲಿ ಆಗುವಂಥದಲ್ಲ. "ಆಯ್ತು ಕಣಮ್ಮ, ನಮ್ದು ರೊಟ್ಟಿ, ಹೆಸರುಕಾಳು ಪಲ್ಯ" ಎನ್ನುತ್ತಾ ಸೂಜಿ ಕೆಳಗಿಟ್ಟರು. ಮಧ್ಯಾಹ್ನದ ಬೆಳಕು ಮೇಜಿನಿಂದ ಇಳಿದು ಹೋಗುವವರೆಗೂ ಊಟದ ಮಾತೇ ನಡೆಯಿತು. ಸೆರಗಿನಲ್ಲಿ ನಿಂತದ್ದು ಎರಡೇ ಎರಡು ಕುಚ್ಚು.

ಸಂಜೆ ಜಯದೇವಿ ನಕ್ಕರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ, "ಮುಂದಿನ ವಾರ ಹಬ್ಬದ್ದು. ಅದಕ್ಕೆ ಇದು ಬೇಡ ರೀ. ಕೊನೇದು, ಸರಿಯಾಗಿ ಮಾಡಿ ಮುಗಿಸ್ತೀನಿ" ಎಂದರು.

"ಒಂದು ವಾರ ಕೊಡು."

"ನಿಮ್ಗೆ ಯಾಕ್ರೀ ಇಷ್ಟು ಹಟ?"

ಮರುಳಸಿದ್ದಪ್ಪನವರು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು, "ಇಷ್ಟು ವರ್ಷ ಊರೆಲ್ಲ ನನ್ನ ಗಂಟ್ಲು ಕೇಳ್ತು. ನೀನು ಇಲ್ಲಿ ಬಗ್ಗಿ ಕೂತಿದ್ದೆ. ಈಗ ನಿನ್ನ ಮಾತು ಕೇಳಕ್ಕೆ ಜನ ಬರ್ತಾ ಇದಾರೆ. ಅವ್ರನ್ನ ನಾನು ಬೈದು ಇಳಿಸ್ಬಿಟ್ನಲ್ಲ."

ಜಯದೇವಿ ಬೇಡ ಎಂದು ಮತ್ತೊಮ್ಮೆ ಅನ್ನಲಿಲ್ಲ.

ಆ ವಾರ ಅವರು ಒಳಕೋಣೆಯಿಂದ ಊಟಕ್ಕೆ ಮಾತ್ರ ಎದ್ದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರೇ ಹೆಚ್ಚು. ಅಂಥ ಸಾಲು ಬಂದರೆ ದನಿ ಕಲ್ಲು ಕಡಿದಂತೆ ತೊದಲುತ್ತಿತ್ತು. ಅದಕ್ಕೂ ಒಂದು ಜಾಗವಿತ್ತು: ಈ ಮಾತು ಬಂದರೆ ಹೀಗೆ ಓದು ಎಂದು ಕಲಿಸಬಹುದು. ಗಂಟು, ಎಳೆ, ಸೆರಗು, ಮಣಿ, ಬಣ್ಣ, ಜಾರುತ್ತೆ, ಬಿಚ್ಚುತ್ತೆ. ಹಳೆಯ ಲೈವ್‌ಗಳಲ್ಲಿ ಜನ ಬರೆದದ್ದನ್ನೆಲ್ಲ ನೋಡಿ ನೋಡಿ, ಒಂದೊಂದು ಮಾತನ್ನೂ ಎಡಕ್ಕೆ ಇಂಗ್ಲಿಷಿನಲ್ಲಿ, ಬಲಕ್ಕೆ ಕನ್ನಡದಲ್ಲಿ ತುಂಬಿದರು. ಒಂದೇ ಮಾತನ್ನು ಜನ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ; ನಾಲ್ಕನ್ನೂ ತುಂಬಿದರು. ಈಚೆ ಕೋಣೆಯಲ್ಲಿ ಜಯದೇವಿ ಎಳೆ ಬಿಡಿಸುತ್ತಿದ್ದರು, ಆಚೆ ಕೋಣೆಯಲ್ಲಿ ಅವರ ಗಂಡ ಮಾತು ಬಿಡಿಸುತ್ತಿದ್ದರು. ನಡುವೆ ಹೂವಿನ ಪರದೆಯೊಂದು ಫ್ಯಾನಿನ ಗಾಳಿಗೆ ಆಡುತ್ತಿತ್ತು.

ಸ್ವಾಗತವನ್ನು ಅವರು ತೆಗೆಯಲಿಲ್ಲ; ತೆಗೆಯಲು ಮನಸ್ಸು ಬರಲಿಲ್ಲ. ಆದರೆ ಪ್ರಶ್ನೆಯನ್ನು ತೆಗೆದರು. "ಶರಣು, ಬನ್ನಿ. ಸೀರೆ ಹರಡಿಕೊಳ್ಳಿ" ಎಂದಷ್ಟೇ ಬರೆದರು. ಅದು ಅಕ್ಷರದಲ್ಲಿ ಕಂಡರೆ ಸಾಕು, ದನಿಯಲ್ಲಿ ಬೇಡ. ಯಾರ ಮಾತನ್ನು ಓದಬಾರದು ಎಂದು ಬಾಟಿಗೆ ತಿಳಿಸಲು ಒಂದು ಖಾಲಿ ಚೌಕವಿತ್ತು. ಬೈಗುಳ ಬರೆಯುವವರಿಗಾಗಿ, ಏನೇನೋ ಮಾರಲು ಬರುವವರಿಗಾಗಿ ಇಟ್ಟದ್ದು. ಮರುಳಸಿದ್ದಪ್ಪನವರು ಅದರಲ್ಲಿ ಮೊದಲನೆಯದಾಗಿ ತಮ್ಮ ಹೆಸರನ್ನೇ ಬರೆದು ಒತ್ತಿದರು. ಇನ್ನು ಆ ದನಿ ಅವರ ಹೆಸರು ಹೇಳುವಂತಿರಲಿಲ್ಲ.

ಜಯದೇವಿಯ ಬಾಯಲ್ಲೂ ಆ ಹೆಸರು ಬಂದದ್ದು ಒಂದೇ ಸಲ. ಹರಿಹರದ ಹತ್ತಿರದ ಊರಿನಲ್ಲಿ, ಮದುವೆಯಾಗಿ ಬಂದ ದಿನ, ನಾದಿನಿ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತು, "ಹೆಸರು ಹೇಳಿ ಒಳಗೆ ಬಾ" ಎಂದಿದ್ದಳು. ಅವರ ಕಡೆ ಅದು ಪದ್ಧತಿ. ಮದುವಣಗಿತ್ತಿ ಗಂಡನ ಹೆಸರನ್ನು ಬರಿದಾಗಿ ಹೇಳುವುದಿಲ್ಲ. ಪ್ರಾಸ ಕಟ್ಟಿ, ಒಡಪು ಹಾಕಿ ಹೇಳುತ್ತಾಳೆ. ಜಯದೇವಿ ತವರಿನಲ್ಲಿ ಕಲಿತ ಒಡಪನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ ಹಿಂದೆ ನಿಂತವರು ಕೇಳಿಸಲಿಲ್ಲ ಎಂದು ಗಲಾಟೆ ಮಾಡಿದರು. ಪಕ್ಕದಲ್ಲಿದ್ದವನಿಗೆ ಮಾತ್ರ ಕೇಳಿಸಿತ್ತು. ಅಲ್ಲಿಂದಾಚೆಗೆ ಎಲ್ಲ "ರೀ", "ಇವ್ರು", "ಲಿಖಿತಾನ ಅಪ್ಪ". ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೂ ಚೀಲದಿಂದ ಆಧಾರ್ ಕಾರ್ಡು ತೆಗೆದು ತೋರಿಸುವವರು ಅವರು.

ಗೌರಿ ಹಬ್ಬದ ಮುಂಚಿನ ಶನಿವಾರ ಆಕಾಶ ತೊಳೆದಿಟ್ಟಂತಿತ್ತು. ಮೇಜಿನ ಮೇಲೆ ನೇರಳೆ ಬಣ್ಣದ ರೇಷ್ಮೆ ಸೀರೆ, ಹಸಿರು ಸೆರಗು. ಸ್ಪೀಕರು ದಾರದ ಬುಟ್ಟಿಯ ಪಕ್ಕದಲ್ಲಿ. ಲ್ಯಾಪ್‌ಟಾಪಿನ ಜೊತೆ ಮರುಳಸಿದ್ದಪ್ಪನವರು ಪರದೆಯ ಹಿಂದೆ, ತಮ್ಮ ಫೋನಿನಲ್ಲೂ ಸಣ್ಣ ದನಿಯಲ್ಲಿ ಲೈವ್ ಹಚ್ಚಿಕೊಂಡು. ಲಿಖಿತಾಳ ಸ್ಟೂಲಿನ ಮೇಲೆ, ನೋಡಿಯೇ ಬಿಡೋಣವೆಂದು ಬಂದ ಅಕ್ಕಯಮ್ಮ.

"ಎಲ್ರಿಗೂ ಶರಣು. ದಾರ ತಗೊಳ್ಳಿ" ಎಂದರು ಜಯದೇವಿ.

"ಅಲಮೇಲು ಹೇಳುತ್ತಾರೆ. ಅಕ್ಕ, ಒಂದು ಕುಚ್ಚಿಗೆ ಎಷ್ಟು ಎಳೆ?"

ಜಯದೇವಿ ಹೇಳಿದರು. ಬೆರಳು ನಿಲ್ಲಲಿಲ್ಲ.

"ಬೈರಮ್ಮ ಹೇಳುತ್ತಾರೆ. ಜಯಕ್ಕ, ಎಷ್ಟು ಎಳೆ ತಗೋಬೇಕು?"

ಮತ್ತೆ ಹೇಳಿದರು. ಮತ್ತೊಬ್ಬರು ಕೇಳಿದರು, ದನಿ ಅದನ್ನೂ ಮೊದಲ ಸಲದಂತೆಯೇ ಓದಿತು. ಗಂಟು ಜಾರುತ್ತಿದೆ ಎಂದವರಿಗೆ ಬೆರಳು ಒದ್ದೆ ಮಾಡಿಕೊಳ್ಳಿ ಎಂದರು. ಎಳೆ ಸಾಲದು ಎಂದವರಿಗೆ ಹೊಸ ದಾರ ಸೇರಿಸುವುದನ್ನು ನಿಧಾನವಾಗಿ ತೋರಿಸಿದರು. ಇಂಗ್ಲಿಷ್ ಅಕ್ಷರದ ಕನ್ನಡವೂ ತೊದಲದೆ ಬಂತು. ಒಂದೆರಡು ಕಡೆ ಎಡವಿದರೂ ಅರ್ಥ ಕೆಡಲಿಲ್ಲ. ಜಯದೇವಿ ಒಮ್ಮೆಯೂ ತಲೆಯೆತ್ತಲಿಲ್ಲ. ಕನ್ನಡಕ ಮೂಗಿನ ಮೇಲೆ ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅವರು ಆ ಸ್ಪೀಕರಿನ ಜೊತೆಯೇ ಮಾತಾಡತೊಡಗಿದರು. "ಹ್ಞೂ, ಹೇಳವ್ವ." "ಗಂಗಾವತಿಯವ್ರಾ? ಬನ್ನಿ ಬನ್ನಿ." ಸೆರಗಿನ ಅಂಚಿನಲ್ಲಿ ಮೊಗ್ಗುಗಳು ಒಂದರ ಪಕ್ಕ ಒಂದು ನಿಲ್ಲುತ್ತಾ ಬಂದವು.

ಅಕ್ಕಯಮ್ಮ ಸ್ಪೀಕರಿನ ಹತ್ತಿರ ಬಗ್ಗಿ, "ಯಾವೂರ್ ಎಣ್ಣೋ ಏನೋ, ತಾಳ್ಮೆ ಮಾತ್ರ ನಮ್ ಸೊಸೇಗಿಂತ ವಾಸಿ" ಎಂದರು.

ಅರ್ಧ ಸೆರಗು ಮುಗಿದಾಗ ಅಲಮೇಲು ಮತ್ತೆ ಬರೆದರು. "ಅಕ್ಕ, ಇದು ಯಾರು ಓದುತ್ತಿರೋದು? ನಮ್ಮನ್ನ ಒಂದ್ಸಲಾನೂ ಬೈಲಿಲ್ಲ."

"ಅದು ಮಷೀನು ಕಣಮ್ಮ. ನಮ್ಮನೆಯವ್ರು ಕೂರ್ಸಿದ್ದು."

"ಬಿಂದುಶ್ರೀ ಹೇಳುತ್ತಾರೆ. ನಮ್ಮನೆಯವ್ರು ಅಂದ್ರೆ ಯಾರಕ್ಕ? ಅವತ್ತು ಮುಂದೆ ಹೋಗ್ರಿ ಅಂದ್ರಲ್ಲ, ಆ ಅಂಕಲ್ಲಾ?"

ಜಯದೇವಿ ನಕ್ಕರು. "ಹ್ಞೂ, ಅವ್ರೇ. ಯಾರ ಸಹಾಯಾನೂ ಇಲ್ದೆ, ಒಬ್ರೇ ಕೂತು ಮಾಡಿದಾರೆ."

ಪರದೆಯ ಹಿಂದೆ ಮರುಳಸಿದ್ದಪ್ಪನವರು ಇಲ್ಲದ ಧೂಳನ್ನು ಲ್ಯಾಪ್‌ಟಾಪಿನ ಮೇಲಿಂದ ಒರೆಸಿದರು.

"ಲಿಖಿತಾ ಹೇಳುತ್ತಾರೆ" ಎಂದಿತು ದನಿ. ಜಯದೇವಿಯ ಬೆರಳು ಆ ಶನಿವಾರ ಮೊದಲ ಸಲ ನಿಂತಿತು. "ಅಮ್ಮ, ಹೆಸರು ಹೇಳು. ಒಡಪು ಹಾಕಿ ಹೇಳು."

"ಇವಳೊಬ್ಳು" ಎಂದು ಜಯದೇವಿ ಗೊಣಗಿದರು. ಆದರೆ ಮಾತು ಹೊರಬಿದ್ದಾಗಿತ್ತು.

"ಬೈರಮ್ಮ ಹೇಳುತ್ತಾರೆ. ಒಡಪು ಹೇಳಿ ಅಕ್ಕ."

"ಅಲಮೇಲು ಹೇಳುತ್ತಾರೆ. ಹೆಸರು ಹೇಳಿ ಅಕ್ಕ."

"ಬಿಂದುಶ್ರೀ ಹೇಳುತ್ತಾರೆ. ಹೆಸರು ಹೇಳಿ ಅಕ್ಕ."

ಗಂಗಾವತಿ ಕೇಳಿತು. ಕೊಳ್ಳೇಗಾಲ ಕೇಳಿತು. ಕುವೈತ್ ಕೇಳಿತು. ಬೇಸರವೆಂಬುದನ್ನೇ ಅರಿಯದ ಆ ದನಿ ಒಬ್ಬೊಬ್ಬರದನ್ನೂ ಅಷ್ಟೇ ಸಮಾಧಾನದಿಂದ, ಅಷ್ಟೇ ಸ್ಪಷ್ಟವಾಗಿ ಓದುತ್ತಾ ಹೋಯಿತು. ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತ ನಾದಿನಿಯಾದರೆ ಕೊನೆಗೊಮ್ಮೆ ಸೋತು ದಾರಿ ಬಿಟ್ಟಾಳು. ಇದು ಬಿಡುವಂಥದಲ್ಲ.

"ಯೋಳ್ಬುಡವ್ವ" ಎಂದರು ಅಕ್ಕಯಮ್ಮ. "ನೀನ್ ಯೋಳಗಂಟ ಅದು ಬುಡಾಕಿಲ್ಲ."

ಜಯದೇವಿ ಕೈಯಲ್ಲಿದ್ದ ಗಂಟನ್ನು ಮೊದಲು ಬಿಗಿ ಮಾಡಿದರು. ದಾರ ಕತ್ತರಿಸಿದರು. ಕನ್ನಡಕ ತೆಗೆದು ಸೆರಗಿನ ಮೇಲಿಟ್ಟು, ತಲೆಯೆತ್ತಿ, ಫೋನಿನ ಕಡೆಗಲ್ಲ, ಒಳಕೋಣೆಯ ಪರದೆಯ ಕಡೆ ನೋಡಿದರು. ತವರಿನಲ್ಲಿ ಕಲಿತದ್ದನ್ನು ಅವರು ಹೇಳಲಿಲ್ಲ. ಆ ವಾರವೆಲ್ಲ ಆಚೆ ಕೋಣೆಯ ಟಕಟಕ ಕೇಳುತ್ತಾ ಎಳೆ ಬಿಡಿಸುವಾಗ ತಮ್ಮಷ್ಟಕ್ಕೆ ಕಟ್ಟಿಕೊಂಡದ್ದಿರಬೇಕು.

"ರೇಷ್ಮೆ ಸೆರಗಿನ ಅಂಚಿಗೆ ಚೆಂದ ಎಳೆ ಎಳೆಯ ಕುಚ್ಚು,
ಬಸ್ಸಿನ ಸೀಟಿ ಬಿಟ್ಟವರಿಗೆ ಕಂಪ್ಯೂಟರಿನ ಹುಚ್ಚು,
ಕೂತಲ್ಲಿಗೇ ಊರೂರ ಮಾತು ಕಿವಿಗೆ ತಂದು ಕೊಟ್ಟವರು,
ಮರುಳಸಿದ್ದಪ್ಪನವರು, ನನ್ನ ಮನೆಯವರು."

ಈ ಸಲ ಮೆಲ್ಲಗೆ ಹೇಳಲಿಲ್ಲ. ಹಿಂದೆ ನಿಂತವರು ಯಾರಿದ್ದರೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.

ಒಳಗೆ ಮರುಳಸಿದ್ದಪ್ಪನವರಿಗೆ ತಮ್ಮ ಹೆಸರು ಪರದೆಯನ್ನು ದಾಟಿ ಬಂದು ಕೇಳಿಸಿತು. ಲೈವ್ ಎಂದರೂ ಅದು ಸ್ವಲ್ಪ ಹಿಂದೆ ಬೀಳುತ್ತದೆ. ಅಷ್ಟು ಹೊತ್ತು ಬಿಟ್ಟು, ಅಂಗೈಯಲ್ಲಿದ್ದ ಫೋನಿನಿಂದ ಅದೇ ಮಾತು, ಅದೇ ಹೆಸರು ಇನ್ನೊಮ್ಮೆ ಬಂತು. ಈ ಸಲ ಊರೂರುಗಳಲ್ಲಿ ಸೆರಗು ಹರಡಿ ಕೂತವರೆಲ್ಲರ ಜೊತೆ ಅವರೂ ಕೇಳಿಸಿಕೊಂಡರು. ಚಪ್ಪಾಳೆಯ ಚಿತ್ರಗಳು ಫೋನಿನ ಪರದೆಯ ಮೇಲೆ ಸಾಲಾಗಿ ಏರತೊಡಗಿದವು. ಅವನ್ನು ಓದುವುದು ದನಿಗೆ ಗೊತ್ತಿರಲಿಲ್ಲ. ಅದು ಸುಮ್ಮನಿತ್ತು.

ಹೊರಗೆ ಜಯದೇವಿ ಕನ್ನಡಕ ಹಾಕಿಕೊಳ್ಳುವಾಗಿನ ಬಳೆಯ ಸದ್ದು ಕೇಳಿಸಿತು. ದಾರದ ಬುಟ್ಟಿ ಸರಿದದ್ದು ಕೇಳಿಸಿತು.

"ಎಲ್ಲಿದ್ವಿ? ಹ್ಞಾ, ಇಲ್ಲಿಂದ ಮುಂದಿನ ಎಳೆ. ಮುಂದಿನ ಶನಿವಾರ ಮಣಿ ಸೇರ್ಸೋದು ತೋರಿಸ್ತೀನಿ. ಸಣ್ಣ ಮಣಿ ತಂದಿಟ್ಕೊಂಡಿರಿ ಎಲ್ರೂ."

ಮರುಳಸಿದ್ದಪ್ಪನವರು ಪರದೆಯ ಹಿಂದೆ ಎದ್ದು ನಿಂತರು. ಆ ದೊಡ್ಡ ಗಂಟಲನ್ನು ಆದಷ್ಟು ಸಣ್ಣದು ಮಾಡಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು:

"ರೈಟ್, ರೈಟ್."